ಗಣೇಶಗುಡಿಯ ರಭಸಕ್ಕೆ ಒಪ್ಪುವ ಹುಟ್ಟು

ಕಾರವಾರದವರಾದ ನಮಗೆ ಕಾಳಿ ಎಂದರೆ ಅಗಲವಾದ, ಅವಸರವಿಲ್ಲದ ಹೊಳೆ. ಒಂದು ಬದಿಗೆ ಸದಾಶಿವಗಡದ ಗುಡ್ಡ, ಇನ್ನೊಂದು ಬದಿಗೆ ಕೋಡಿಬಾಗ. ನಡುವೆ ಉಬ್ಬರದ ಹೊತ್ತಿಗೆ ಮೇಲಕ್ಕೂ ಇಳಿತದ ಹೊತ್ತಿಗೆ ಕಡಲಿನ ಕಡೆಗೂ ಹರಿಯುವ ಉಪ್ಪುನೀರು. ನಾನು ಹುಟ್ಟು ಹಾಕಲು ಕಲಿತದ್ದು ಈ ನೀರಿನಲ್ಲಿ, ನಮ್ಮ ಕೇರಿಯ ಹಿರಿಯ ಅಂಬಿಗರೊಬ್ಬರ ಪಾತಿದೋಣಿಯಲ್ಲಿ. ಅವರ ಹುಟ್ಟಿಗೆ ಇದ್ದದ್ದು ಒಂದೇ ಅಲಗು. ಕೈ ಹಿಡಿಯುವ ಜಾಗದಲ್ಲಿ ಮರ ನುಣುಪಾಗಿ ಸವೆದು, ಅವರ ಅಂಗೈಯ ಅಚ್ಚೇ ಅಲ್ಲಿ ಮೂಡಿದಂತಿತ್ತು. ಮೊದಲ ದಿನ ನಾನು ಅದನ್ನು ಬಿಗಿಯಾಗಿ ಹಿಡಿದು ಕುಳಿತದ್ದನ್ನು ನೋಡಿ ಅವರು, “ತಂಗೀ, ಅಷ್ಟು ಗಟ್ಟಿ ಹಿಡೀಬೇಡ. ನೀರು ಎಂತ ಹೇಳ್ತದೆ ಅಂತ ಕೈಗೆ ಗೊತ್ತಾಗೂದು ಬೇಡವಾ?” ಎಂದಿದ್ದರು. ಆ ಮಾತು ನನಗೆ ಪೂರ್ತಿಯಾಗಿ ಅರ್ಥವಾದದ್ದು ಇಪ್ಪತ್ತು ವರ್ಷಗಳ ಬಳಿಕ, ಅದೇ ಹೊಳೆಯ ಮೇಲ್ಭಾಗದಲ್ಲಿ.

ಕದ್ರಾ ದಾಟಿ, ಅಣಶಿ ಘಟ್ಟ ಹತ್ತಿ, ಜೋಯಿಡಾ ಹಾದು ಗಣೇಶಗುಡಿಗೆ ಹೋದರೆ ಕಾಳಿಯ ಗುರುತೇ ಸಿಗುವುದಿಲ್ಲ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವಾಟಿನ ಎರಡು ವಿದ್ಯುತ್ ಯಂತ್ರಗಳಿವೆ. ಅವುಗಳನ್ನು ತಿರುಗಿಸಿ ಹೊರಬೀಳುವ ನೀರೇ ಅಲ್ಲಿಂದ ಮೌಳಂಗಿಯ ಕಡೆಗೆ ಬಂಡೆಗಳ ನಡುವೆ ನುಗ್ಗಿ ಹರಿಯುತ್ತದೆ. ಯಂತ್ರ ನಡೆಯುವ ಲೆಕ್ಕಕ್ಕೆ ನೀರು ಏರುತ್ತದೆ, ಇಳಿಯುತ್ತದೆ. ಬೆಳಿಗ್ಗೆ ತಲೆ ತೋರಿಸುತ್ತಿದ್ದ ಬಂಡೆ ಮಧ್ಯಾಹ್ನಕ್ಕೆ ಮುಳುಗಿ, ಅದರ ಮೇಲೆ ನೊರೆಯಷ್ಟೇ ಕಾಣಬಹುದು. ರಭಸದ ನೀರನ್ನು ಒಂದರಿಂದ ಆರರವರೆಗೆ ಅಳೆಯುವ ಅಂತರರಾಷ್ಟ್ರೀಯ ಶ್ರೇಣಿಯಲ್ಲಿ ಈ ಹರಿವನ್ನು ಎರಡು ಮತ್ತು ಮೂರನೆಯ ದರ್ಜೆಗೆ ಸೇರಿಸುತ್ತಾರೆ. ರಾಫ್ಟಿನಲ್ಲಿ ಏಳೆಂಟು ಜನ ಕೂಡಿ ಕುಳಿತು ಇಳಿಯುವವರಿಗೆ ಇದು ಒಂದು ಬೆಳಗಿನ ಸಂತೋಷ. ಕಯಾಕ್ ಎಂಬ ಕಿರಿದಾದ ದೋಣಿಯಲ್ಲಿ ಒಬ್ಬರೇ ಕುಳಿತು ಇಳಿಯುವವರಿಗೆ ಮಾತ್ರ ಕೈಯಲ್ಲಿರುವ ಪ್ಯಾಡಲ್, ಅಂದರೆ ಎರಡೂ ತುದಿಗೆ ಅಲಗಿರುವ ಹುಟ್ಟು, ಎಂಥದ್ದು ಎಂಬುದು ಮೊದಲ ತಿರುವಿನಲ್ಲೇ ತಿಳಿದುಬಿಡುತ್ತದೆ.

ನನಗೆ ತಿಳಿದದ್ದು ಹಾಗೆಯೇ. ಕಾರವಾರದ ಹಿನ್ನೀರಿನಲ್ಲಿ ನಾನು ಬಳಸುತ್ತಿದ್ದ 230 ಸೆಂಟಿಮೀಟರ್ ಉದ್ದದ, ಕಡಲ ಕಯಾಕಿಗೆಂದು ಮಾಡಿದ ಪ್ಯಾಡಲನ್ನೇ ನಾನು ಮೊದಲ ಸಲ ಗಣೇಶಗುಡಿಗೆ ಒಯ್ದಿದ್ದೆ. ಶಾಂತ ನೀರಿನಲ್ಲಿ ಗಂಟೆಗಟ್ಟಲೆ ನೇರವಾಗಿ ಸಾಗುವುದಕ್ಕೆ ಅಂಥ ಉದ್ದವೂ ಕಿರಿದಾದ ಅಲಗೂ ಸರಿ. ಪ್ರತಿ ಎಳೆತ ನಿಧಾನವಾಗಿರುತ್ತದೆ, ತೋಳು ದಣಿಯುವುದಿಲ್ಲ. ಆದರೆ ಬಂಡೆಗಳ ನಡುವೆ ಒಂದು ಎಳೆತ ಮುಗಿಸಿ ಮರುಕ್ಷಣವೇ ಇನ್ನೊಂದು ಬದಿಗೆ ಅಲಗು ಇಳಿಸಬೇಕಾದಾಗ ಆ ಉದ್ದವೇ ಅಡ್ಡಿಯಾಯಿತು. ಎರಡನೆಯ ಇಳಿತದಲ್ಲಿ ಅಲಗಿನ ತುದಿ ಎರಡು ಬಂಡೆಗಳ ಸಂದಿಗೆ ಸಿಕ್ಕಿಕೊಂಡಿತು. ದೋಣಿ ಮುಂದೆ ಹೋಗುತ್ತಿತ್ತು, ಪ್ಯಾಡಲ್ ಹಿಂದೆ ನಿಂತಿತ್ತು, ನಾನು ಕೈ ಬಿಡಲಿಲ್ಲ. ಬಲ ಭುಜದ ನೋವು ಆರು ವಾರ ಉಳಿಯಿತು.

ರಭಸದ ನೀರಿನ ಪ್ಯಾಡಲ್‌ಗಳು ಸಾಮಾನ್ಯವಾಗಿ 188ರಿಂದ 204 ಸೆಂಟಿಮೀಟರ್ ಒಳಗೆ ಇರುತ್ತವೆ. ಅಲೆಯ ಮೇಲೆ ಆಡುವ ಚಿಕ್ಕ ದೋಣಿಯವರು ಈ ಅಳತೆಯ ಗಿಡ್ಡ ತುದಿಯನ್ನೂ, ಅಗಲವಾದ ದೋಣಿಯಲ್ಲಿ ಕಡಿದಾದ ತೊರೆಗಳನ್ನು ಇಳಿಯುವವರು ಉದ್ದದ ತುದಿಯನ್ನೂ ಆರಿಸಿಕೊಳ್ಳುತ್ತಾರೆ. ಪ್ಯಾಡಲ್ ಗಿಡ್ಡವಾದಷ್ಟೂ ಬದಿಯಿಂದ ಬದಿಗೆ ಬೇಗ ತಿರುಗುತ್ತದೆ. ಉದ್ದವಾದಷ್ಟೂ ದೋಣಿಯನ್ನು ತಿರುಗಿಸುವ ಬೀಸಿಗೂ ಮಗುಚದಂತೆ ಊರಿಕೊಳ್ಳುವುದಕ್ಕೂ ಹೆಚ್ಚು ಸನ್ನೆಬಲ ಸಿಗುತ್ತದೆ. ಎತ್ತರವನ್ನು ನೋಡಿ ಉದ್ದವನ್ನು ಹೇಳುವ ಪಟ್ಟಿಗಳಿವೆ, ಅವು ಸುಳ್ಳಲ್ಲ. ಆದರೆ ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಮುಂಡ ಉದ್ದ, ಇನ್ನೊಬ್ಬರ ಕಾಲು ಉದ್ದ ಇರಬಹುದು, ಮತ್ತು ದೋಣಿಯೊಳಗೆ ಕುಳಿತ ಮೇಲೆ ಲೆಕ್ಕಕ್ಕೆ ಬರುವುದು ಮುಂಡ, ತೋಳು ಹಾಗೂ ದೋಣಿಯ ಅಗಲ. 158 ಸೆಂಟಿಮೀಟರ್ ಎತ್ತರದ ನಾನು 191ರ ಪ್ಯಾಡಲನ್ನು ಬಳಸುತ್ತೇನೆ. 197ರಲ್ಲಿ ನಾನು ಒಂದು ಮಳೆಗಾಲ ಕಳೆದೆ. ಬರೀ ಆರು ಸೆಂಟಿಮೀಟರಿನ ಆ ವ್ಯತ್ಯಾಸವನ್ನು ನನ್ನ ಮೊಣಕೈಗಳು ಪ್ರತಿದಿನವೂ ಹೇಳುತ್ತಿದ್ದವು.

ಉದ್ದಕ್ಕಿಂತ ಮೊದಲು ನೋಡಬೇಕಾದದ್ದು ದಂಡದ ದಪ್ಪ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದನ್ನು ಯಾರೂ ನನಗೆ ಹೇಳಲಿಲ್ಲ. ಭುಜ ವಾಸಿಯಾದ ಮೇಲೆ ದೊಡ್ಡ ಊರಿನ ಒಂದು ಅಂಗಡಿಯಲ್ಲಿ ಹೊಸ ಪ್ಯಾಡಲ್ ಕೊಂಡಾಗ ಅಲ್ಲಿಯವರು ನನ್ನ ಎತ್ತರ ಕೇಳಿದರು, ಎಷ್ಟು ಖರ್ಚು ಮಾಡುತ್ತೀರಿ ಎಂದು ಕೇಳಿದರು, ನನ್ನ ಅಂಗೈಯನ್ನು ಮಾತ್ರ ನೋಡಲಿಲ್ಲ. ಅವರು ಕೊಟ್ಟದ್ದು ಒಳ್ಳೆಯ ವಸ್ತುವೇ. ಆದರೆ ಅದರ ದಂಡ ಸಾಮಾನ್ಯ ಗಂಡಸರ ಕೈಗೆ ಹೊಂದುವ ದಪ್ಪದ್ದಾಗಿತ್ತು. ಹೆಬ್ಬೆರಳು ಮತ್ತು ತೋರುಬೆರಳು ದಂಡವನ್ನು ಸುತ್ತಿ ಸಲೀಸಾಗಿ ಒಂದು ಉಂಗುರವಾಗಬೇಕು, ಉಳಿದ ಮೂರು ಬೆರಳು ಅದರ ಮೇಲೆ ಸುಮ್ಮನೆ ಒರಗಿರಬೇಕು. ಉಂಗುರ ಕೂಡದಿದ್ದರೆ ಕೈ ಅರಿಯದೆಯೇ ಬಿಗಿ ಹಿಡಿಯತೊಡಗುತ್ತದೆ. ಬಿಗಿ ಹಿಡಿತದಿಂದ ಮುಂಗೈ ಗಟ್ಟಿಯಾಗುತ್ತದೆ, ಮುಂಗೈಯಿಂದ ಮಣಿಕಟ್ಟಿಗೆ ನೋವು ಇಳಿಯುತ್ತದೆ. ಕಿರಿದಾದ ಕೈಗಳಿಗೆಂದು ಎರಡು ಮೂರು ಮಿಲಿಮೀಟರ್ ಸಣ್ಣ ದಂಡವಿರುವ ಪ್ಯಾಡಲ್‌ಗಳನ್ನು ಅನೇಕ ತಯಾರಕರು ಮಾಡುತ್ತಾರೆ. ಹೆಂಗಸರೂ ಹದಿಹರೆಯದ ಮಕ್ಕಳೂ ಇದನ್ನು ಕೇಳಿ ಪಡೆಯಬೇಕು. ಆ ಎರಡು ಮಿಲಿಮೀಟರಿಗೆ ನಾನು ತೆತ್ತದ್ದು ಒಂದು ಪೂರ್ತಿ ಋತುವನ್ನು.

ಮಣಿಕಟ್ಟಿನ ನೋವಿಗೆ ಇನ್ನೊಂದು ಕಾರಣವೂ ಇತ್ತು. ಕಯಾಕಿನ ಪ್ಯಾಡಲಿನ ಎರಡು ಅಲಗುಗಳು ಅನೇಕ ಸಲ ಒಂದೇ ಸಮತಲದಲ್ಲಿ ಇರುವುದಿಲ್ಲ. ಒಂದಕ್ಕೊಂದು ಓರೆಯಾಗಿ ತಿರುಗಿರುತ್ತವೆ. ಈ ಓರೆಯನ್ನು ಫೆದರ್ ಎನ್ನುತ್ತಾರೆ. ಒಂದು ಅಲಗು ನೀರಿನಲ್ಲಿರುವಾಗ ಮೇಲಿರುವ ಇನ್ನೊಂದು ಅಲಗು ಎದುರುಗಾಳಿಯನ್ನು ಅಂಚಿನಿಂದ ಸೀಳಿಕೊಂಡು ಹೋಗುವುದು ಇದರ ಒಂದು ಪ್ರಯೋಜನ. ಹಿಂದೆ 80, 90 ಡಿಗ್ರಿಯ ಓರೆ ಸಾಮಾನ್ಯವಾಗಿತ್ತು. ಈಗ ರಭಸದ ನೀರಿನಲ್ಲಿ 30 ಅಥವಾ 45 ಹೆಚ್ಚು ಕಾಣುತ್ತದೆ, ಸೊನ್ನೆಯನ್ನು ಬಳಸುವವರೂ ಇದ್ದಾರೆ. ಓರೆ ಹೆಚ್ಚಿದಷ್ಟೂ ಪ್ರತಿ ಎಳೆತಕ್ಕೂ ಮಣಿಕಟ್ಟನ್ನು ಹೆಚ್ಚು ಹಿಂದಕ್ಕೆ ಮಡಿಸಬೇಕಾಗುತ್ತದೆ. ಬಲಗೈ ದಂಡವನ್ನು ಹಿಡಿದ ಜಾಗದಿಂದ ಕದಲುವುದಿಲ್ಲ, ಅಲಗು ಎತ್ತ ತಿರುಗಬೇಕೆಂದು ಅದೇ ನಿರ್ಧರಿಸುತ್ತದೆ. ಎಡಗೈಯೊಳಗೆ ದಂಡ ಸಡಿಲವಾಗಿ ಉರುಳಬೇಕು. ನನ್ನ ಹೊಸ ಪ್ಯಾಡಲಿನ ಓರೆ 60 ಡಿಗ್ರಿ ಇತ್ತು. ದಪ್ಪ ದಂಡದಿಂದಾಗಿ ಎಡಗೈಯೂ ಬಿಗಿಯಾಗಿಯೇ ಇದ್ದುದರಿಂದ ದಂಡ ಉರುಳಲೇ ಇಲ್ಲ, ಎರಡೂ ಮಣಿಕಟ್ಟುಗಳು ಒಂದರೊಡನೊಂದು ಜಗಳವಾಡಿದವು. ಈಗ 30ಕ್ಕೆ ಬಂದಿದ್ದೇನೆ. ಹೊಸಬರು ಸೊನ್ನೆಯಿಂದ 30ರೊಳಗೆ ಒಂದನ್ನು ಆರಿಸಿ ಅದರಲ್ಲೇ ನಿಲ್ಲುವುದು ಒಳ್ಳೆಯದು, ಏಕೆಂದರೆ ತಲೆಕೆಳಗಾಗಿ ನೀರಿನೊಳಗೆ ಇರುವಾಗ ಅಲಗು ಎಲ್ಲಿದೆ ಎಂದು ಕಣ್ಣು ಹೇಳುವುದಿಲ್ಲ, ಕೈ ರೂಢಿಯಿಂದ ಹೇಳಬೇಕು.

ಮೊದಲ ಸಲ ಹಿಡಿಯುವವರಿಗಾಗಿ ಇಲ್ಲಿಯೇ ಒಂದು ಮಾತು. ಅಲಗಿನ ಒಂದು ಮೈ ಸ್ವಲ್ಪ ಒಳಬಾಗಿರುತ್ತದೆ. ನೀರನ್ನು ಹಿಡಿದು ಎಳೆಯುವುದು ಆ ಮೈ, ಅದು ನಮ್ಮ ಕಡೆಗೆ ಇರಬೇಕು. ಅಲಗಿನ ಮೇಲಂಚು ಕೆಳಗಿನದಕ್ಕಿಂತ ಉದ್ದವಾಗಿದ್ದರೆ ಉದ್ದದ ಅಂಚು ಮೇಲೆ ಬರಬೇಕು. ಪ್ಯಾಡಲನ್ನು ನೆತ್ತಿಯ ಮೇಲೆ ಅಡ್ಡವಾಗಿ ಇಟ್ಟುಕೊಂಡು ಎರಡೂ ಮೊಣಕೈಗಳು ಲಂಬಕೋನಕ್ಕೆ ಬರುವಂತೆ ಹಿಡಿದರೆ ಕೈಗಳ ಜಾಗ ಸಿಗುತ್ತದೆ. ಆ ಜಾಗದ ಪಕ್ಕದಲ್ಲಿ ವಿದ್ಯುತ್ ತಂತಿಗೆ ಸುತ್ತುವ ಟೇಪನ್ನು ಒಂದು ಸುತ್ತು ಹಾಕಿಕೊಂಡರೆ ಸಾಕು, ನೀರಿನಲ್ಲಿ ಕೈ ಸರಿದದ್ದು ಬೆರಳಿಗೆ ತಿಳಿಯುತ್ತದೆ.

ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆಗೆ ಜನ ಕೊಡುವಷ್ಟು ಮಹತ್ವವನ್ನು ನಾನು ಕೊಡಲಾರೆ. ಅಲ್ಯೂಮಿನಿಯಂ ದಂಡ ಮತ್ತು ಪ್ಲಾಸ್ಟಿಕ್ ಅಲಗಿನ ಪ್ಯಾಡಲ್ ಅಗ್ಗ, ಭಾರ, ಕಲಿಯುವವರ ಹೊಡೆತಗಳನ್ನು ತಾಳಿಕೊಳ್ಳುತ್ತದೆ. ಅದರ ಅಲಗು ಬಾಗುವುದರಿಂದ ಎಳೆತದ ಬಲ ಸ್ವಲ್ಪ ಸೋರಿಹೋಗುತ್ತದೆ. ಕಾರ್ಬನ್ ಹಗುರ ಮತ್ತು ಪೆಡಸು. ಎಳೆದಷ್ಟೂ ದೋಣಿಗೆ ಸೇರುತ್ತದೆ, ಆದರೆ ಬಂಡೆಗೆ ತಗುಲಿದ ಆಘಾತವೂ ಅಷ್ಟೇ ನೇರವಾಗಿ ಕೀಲುಗಳಿಗೆ ಬರುತ್ತದೆ. ಒಳಗೆ ನೊರೆತುಂಬಿದ, ಫೋಮ್ ಕೋರ್ ಎನ್ನುವ ಅಲಗುಗಳು ತಾವಾಗಿಯೇ ಮೇಲಕ್ಕೆ ತೇಲಲು ನೋಡುವುದರಿಂದ ಮಗುಚಿದಾಗ ಮೇಲೇಳಲು ನೆರವಾಗುತ್ತವೆ. ಬಂಡೆಗಳು ತುಂಬಿದ, ನೀರು ಇಳಿದಾಗ ತಳ ತಾಕುವ ನಮ್ಮ ಕಾಳಿಗೆ ಫೈಬರ್‌ಗ್ಲಾಸ್ ಸಾಕು ಎಂದು ನನಗೆ ಅನ್ನಿಸಿದೆ. ಅದು ಸುಮಾರು ಒಂದು ಕಿಲೋ ತೂಗುತ್ತದೆ, ಸ್ವಲ್ಪ ಬಳುಕುತ್ತದೆ, ಮುರಿಯುವ ಮೊದಲು ಅಂಚಿನಲ್ಲಿ ಎಳೆ ಬಿಚ್ಚಿಕೊಂಡು ಮುನ್ಸೂಚನೆ ಕೊಡುತ್ತದೆ. ಕೈ ಹಿಡಿಯುವಲ್ಲಿ ಬಾಗಿಸಿದ ದಂಡವೂ ಸಿಗುತ್ತದೆ. ಮಣಿಕಟ್ಟು ಸಹಜವಾದ ಕೋನದಲ್ಲಿ ಇರಲಿ ಎಂಬುದು ಅದರ ಉದ್ದೇಶ. ನನ್ನ ನೋವಿನ ದಿನಗಳಲ್ಲಿ ಅದನ್ನು ಕೆಲವು ತಿಂಗಳು ಬಳಸಿದೆ. ಹಿತವೆನಿಸಿತು, ಆದರೆ ಅದರಲ್ಲಿ ಕೈಯನ್ನು ಆಚೀಚೆ ಜಾರಿಸಿಕೊಳ್ಳಲು ಆಗುವುದಿಲ್ಲ. ಸಣ್ಣ ದಂಡ ಸಿಕ್ಕ ಮೇಲೆ ನೇರ ದಂಡಕ್ಕೇ ಮರಳಿದೆ.

ಅಲಗಿನ ಅಗಲದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ದೊಡ್ಡ ಅಲಗು ಹೆಚ್ಚು ನೀರನ್ನು ಹಿಡಿಯುತ್ತದೆ, ಆದ್ದರಿಂದ ಹೆಚ್ಚು ಬಲ ಕೊಡುತ್ತದೆ ಎಂದು ನಂಬಿ ನಾನೂ ದೊಡ್ಡದನ್ನೇ ಬಯಸಿದ್ದೆ. ಆದರೆ ಆ ನೀರನ್ನೆಲ್ಲ ಎಳೆಯುವುದು ಅದೇ ಭುಜ. ಎರಡು ಗಂಟೆಗಳ ಇಳಿತದ ಕೊನೆಯಲ್ಲಿ ದಣಿದ ಭುಜಕ್ಕೆ ದೊಡ್ಡ ಅಲಗು ತಡವಾಗಿ ಏಳುತ್ತದೆ, ಮತ್ತು ತಡವಾದ ಎಳೆತ ಎಷ್ಟು ಬಲವಾಗಿದ್ದರೂ ಬಂಡೆ ಆಗಲೇ ಬಂದುಬಿಟ್ಟಿರುತ್ತದೆ. ಚಿಕ್ಕ ಮೈಯವರಿಗೆ ಮಧ್ಯಮ ಅಲಗೇ ವೇಗ ಕೊಡುತ್ತದೆ. ಅಲಗಿನ ನಡುವೆ ಉದ್ದಕ್ಕೂ ಸಣ್ಣ ಏಣು ಇದ್ದರೆ ನೀರು ಎರಡೂ ಬದಿಗೆ ಸಮನಾಗಿ ಹರಿದುಹೋಗಿ, ಎಳೆಯುವಾಗ ಅಲಗು ಕೈಯೊಳಗೆ ತಡಬಡಿಸುವುದಿಲ್ಲ.

ಇಷ್ಟೆಲ್ಲ ಸರಿಹೊಂದಿದ ಮೇಲೂ ನನ್ನ ದೋಣಿ ಹೇಳಿದ ಕಡೆಗೆ ಹೋಗಲಿಲ್ಲ, ಏಕೆಂದರೆ ನಾನು ತೋಳಿನಿಂದ ಎಳೆಯುತ್ತಿದ್ದೆ. ಮುಂದಕ್ಕೆ ಹೋಗುವ ಎಳೆತ ಪಾದಗಳ ಹತ್ತಿರ ಆರಂಭವಾಗಿ ಸೊಂಟದ ಬಳಿ ಮುಗಿಯಬೇಕು. ಅಲಗು ಪೂರ್ತಿ ಮುಳುಗಿದ ಮೇಲೆ, ಮುಂದಕ್ಕೆ ತಿರುಗಿಸಿಕೊಂಡಿದ್ದ ಮುಂಡವನ್ನು ಬಿಚ್ಚುತ್ತ ದೋಣಿಯನ್ನು ಅಲಗಿನ ಬಳಿಗೆ ತರಬೇಕು. ನೀರು ಹಿಂದಕ್ಕೆ ಹೋಗಬೇಕಾದದ್ದಲ್ಲ. ಅಲಗು ನೀರಿನಲ್ಲಿ ಗೂಟದಂತೆ ನಿಲ್ಲಬೇಕು, ನಾವು ಅದನ್ನು ದಾಟಿ ಹೋಗಬೇಕು. ಕಣಕ್ಕೆ ನೆಟ್ಟ ಮೇಟಿಯನ್ನು ಹಿಡಿದು ಮುಂದೆ ಸರಿದಂತೆ ಎಂದು ಘಟ್ಟದ ಮೇಲಿನ ಗೆಳತಿಯೊಬ್ಬಳು ಹೇಳಿದಾಗ ನನಗೆ ಇದು ಹಿಡಿಸಿತು. ಅಲಗನ್ನು ಸೊಂಟದಿಂದ ಹಿಂದಕ್ಕೆ ಎಳೆದಷ್ಟೂ ಅದು ನೀರನ್ನು ಮೇಲಕ್ಕೆ ಎತ್ತುತ್ತದೆ, ದೋಣಿಯ ಹಿಂಬದಿ ತಗ್ಗುತ್ತದೆ, ವೇಗ ಕುಂದುತ್ತದೆ.

ಎಲ್ಲ ನೀರೂ ಹೀಗೆ ಗೂಟವಾಗುವುದಿಲ್ಲ. ಬಂಡೆಯ ಕೆಳಗೆ ಬೆಳ್ಳಗೆ ಕುದಿಯುವ ನೊರೆಯಲ್ಲಿ ಅರ್ಧ ಗಾಳಿಯೇ ಇರುತ್ತದೆ. ಅಲ್ಲಿ ಅಲಗು ಊರಿದರೆ ಹತ್ತಿಯೊಳಗೆ ಕೈ ಹಾಕಿದಂತೆ. ನೊರೆಯ ಅಂಚಿನಾಚೆ, ಇಲ್ಲವೇ ನೊರೆಯ ತಳದಲ್ಲಿ ಹಸುರುಗಪ್ಪಾಗಿ ಹರಿಯುವ ಗಟ್ಟಿ ನೀರು ಇರುತ್ತದೆ. ಅದನ್ನು ಹುಡುಕಿ ಅಲಗನ್ನು ಅಲ್ಲಿಗೆ ಮುಟ್ಟಿಸಬೇಕು. ಅಂಬಿಗಜ್ಜ ಹೇಳಿದ ಮಾತು ನನ್ನ ಕೈಗೆ ಬಂದದ್ದು ಈ ನೊರೆಯಲ್ಲಿ. ಸಡಿಲವಾಗಿ ಹಿಡಿದ ದಂಡದಲ್ಲಿ ನೊರೆ ಸಣ್ಣಗೆ ಗುಜುಗುಜು ನಡುಗುತ್ತದೆ, ಅಲಗು ಗಟ್ಟಿ ನೀರಿಗೆ ಇಳಿದ ಗಳಿಗೆಯಲ್ಲಿ ಆ ನಡುಕ ನಿಂತು ಭಾರ ಹತ್ತುತ್ತದೆ. ಎಳೆಯಬೇಕಾದದ್ದು ಆಗ. ಬಿಗಿ ಹಿಡಿದ ಕೈಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ಬಂಡೆಯ ಹಿಂದೆ ನೀರು ಮೇಲ್ಮುಖವಾಗಿ ಸುತ್ತಿ ತಂಗುವ ಜಾಗವನ್ನು ಕಯಾಕಿನವರು ಎಡ್ಡಿ ಎನ್ನುತ್ತಾರೆ. ರಭಸದಿಂದ ಅದರೊಳಗೆ ಹೊಕ್ಕು ನಿಲ್ಲುವುದು ಹೊಳೆ ಇಳಿಯುವ ವಿದ್ಯೆಯ ಅರ್ಧ ಭಾಗ. ಮುಖ್ಯ ಸೆಳವಿಗೂ ಎಡ್ಡಿಗೂ ನಡುವೆ ಒಂದು ಗೆರೆ ಕಾಣುತ್ತದೆ. ದೋಣಿಯ ಮೂತಿ ಆ ಗೆರೆಯನ್ನು ವೇಗವಾಗಿ ದಾಟಿದೊಡನೆ ಒಳಬದಿಯ ಅಲಗನ್ನು ಮುಂದೆ, ದೋಣಿಗೆ ಸಮೀಪವಾಗಿ, ನಿಂತ ಕಂಬದಂತೆ ಎಡ್ಡಿಯ ನೀರಿಗೆ ಇಳಿಸಿದರೆ ದೋಣಿ ಅದರ ಸುತ್ತ ತಾನಾಗಿಯೇ ತಿರುಗಿ ಮೇಲ್ಮುಖವಾಗಿ ನಿಲ್ಲುತ್ತದೆ. ಜೆಕ್ ಮೂಲದ ಮಿಲೋ ಡುಫೆಕ್ ಅವರ ಹೆಸರಿನಿಂದ ಈ ಹೊಡೆತವನ್ನು ಕರೆಯುತ್ತಾರೆ. ಇದರಲ್ಲಿ ಶಕ್ತಿಯ ಕೆಲಸ ಬಹಳ ಕಡಿಮೆ. ಅಲಗನ್ನು ಇಳಿಸಿದ ಮೇಲೆ ಒಂದು ಕ್ಷಣ ಕಾಯಬೇಕು, ಮತ್ತು ತಿರುವಿನ ಒಳಬದಿಗೆ ದೋಣಿಯನ್ನು ವಾಲಿಸಬೇಕು. ಕಾಯುವುದು ನನಗೆ ಎಲ್ಲಕ್ಕಿಂತ ಕಷ್ಟವಾದ ಪಾಠ.

ಭುಜದ ವಿಷಯದಲ್ಲಿ ನಾನು ಕಠಿಣವಾಗಿಯೇ ಹೇಳುತ್ತೇನೆ. ದೋಣಿ ವಾಲಿದಾಗ ನೀರಿನ ಮೇಲೆ ಅಲಗನ್ನು ಊರಿ ಸಾವರಿಸಿಕೊಳ್ಳುವುದಕ್ಕೆ ಬ್ರೇಸ್ ಎನ್ನುತ್ತಾರೆ. ಅದನ್ನು ಮಾಡುವಾಗ ಕೈಗಳು ಭುಜದ ಮಟ್ಟಕ್ಕಿಂತ ಮೇಲೆ ಹೋಗಬಾರದು, ಮೊಣಕೈಗಳು ಮುಂಡದ ಹತ್ತಿರವೇ ಇರಬೇಕು. ತೋಳು ಚಾಚಿ ಹಿಂದಕ್ಕೂ ಮೇಲಕ್ಕೂ ಹೋದ ಸ್ಥಿತಿಯಲ್ಲಿ ನೀರಿನ ಭಾರ ಅಲಗಿನ ಮೇಲೆ ಬಿದ್ದರೆ ಭುಜದ ಕೀಲು ತಪ್ಪುತ್ತದೆ. ಕಯಾಕಿನವರಿಗೆ ಆಗುವ ದೊಡ್ಡ ಗಾಯಗಳಲ್ಲಿ ಇದು ಮುಖ್ಯವಾದದ್ದು. ಸಾಧ್ಯವಾದಲ್ಲೆಲ್ಲ ಅಲಗಿನ ಬೆನ್ನಿನಿಂದ ನೀರನ್ನು ಒತ್ತುವ, ಮೊಣಕೈ ಮೇಲಿರುವ ಲೋ ಬ್ರೇಸನ್ನೇ ಬಳಸಬೇಕು. ಪ್ಯಾಡಲಿನಿಂದ ಬಂಡೆಯನ್ನು ತಳ್ಳಬಾರದು. ಅಲಗು ಸಿಕ್ಕಿಕೊಂಡರೆ ನಾನು ಮಾಡಿದಂತೆ ಹಿಡಿದೇ ಕೂರಬಾರದು, ಬಿಟ್ಟುಬಿಡಬೇಕು. ಕಳೆದುಹೋಗದಿರಲೆಂದು ಪ್ಯಾಡಲನ್ನು ಹಗ್ಗದಿಂದ ಮೈಗೋ ದೋಣಿಗೋ ಕಟ್ಟಿಕೊಳ್ಳುವುದು ಕಡಲಿನಲ್ಲಿ ಇರುವ ರೂಢಿ. ರಭಸದ ಹೊಳೆಯಲ್ಲಿ ಆ ಹಗ್ಗವೇ ಬಂಡೆಗೋ ಕೊಂಬೆಗೋ ಸುತ್ತಿ ಪ್ರಾಣ ತೆಗೆಯಬಲ್ಲದು. ಕಾರವಾರದ ಅಭ್ಯಾಸದಿಂದ ನಾನು ಕಟ್ಟಿಕೊಂಡಿದ್ದ ಹಗ್ಗವನ್ನು ಗಣೇಶಗುಡಿಯ ದಡದಲ್ಲಿಯೇ ಬಿಚ್ಚಿಸಿದ ಹುಡುಗನಿಗೆ ನಾನು ಋಣಿ.

ಮಗುಚಿದ ದೋಣಿಯನ್ನು ಅದರೊಳಗೆ ಕುಳಿತೇ ಮೇಲಕ್ಕೆ ತಿರುಗಿಸುವ ರೋಲನ್ನು ನಾನು ಕೋಡಿಬಾಗದ ಬಳಿ, ಉಬ್ಬರದ ನೀರು ನಿಂತ ಹೊತ್ತಿನಲ್ಲಿ ಕಲಿತೆ. ಇದು ಇನುಯಿಟ್ ಜನರ ವಿದ್ಯೆ. ಗ್ರೀನ್‌ಲ್ಯಾಂಡಿನ ಹಿಮದ ಕಡಲಿನಲ್ಲಿ ಸೀಲ್ ಬೇಟೆಗೆ ಹೋಗುತ್ತಿದ್ದವರ ಪ್ಯಾಡಲ್ ಕಿರಿದಾದ ಅಲಗಿನದು, ಓರೆಯಿಲ್ಲದ್ದು. ಆಸ್ಟ್ರಿಯಾದ ಹಾನ್ಸ್ ಪವ್ಲಾಟಾ 1927ರಲ್ಲಿ ರೋಲ್ ಸಾಧಿಸಿ, ಹಾಗೆ ಮಾಡಿದ ಮೊದಲ ಯುರೋಪಿಯನ್ ಎನಿಸಿಕೊಂಡರು. ಮೇಲೆ ಎತ್ತುವುದು ಪ್ಯಾಡಲ್ ಎಂದು ನೋಡುವವರಿಗೆ ಅನ್ನಿಸುತ್ತದೆ. ಅಲಗು ನೀರಿನ ಮೇಲ್ಮೈಯಲ್ಲಿ ಒಂದು ಆಸರೆಯನ್ನು ಕೊಡುತ್ತದೆ ಅಷ್ಟೆ. ದೋಣಿಯನ್ನು ತಿರುಗಿಸುವುದು ಸೊಂಟ ಮತ್ತು ಮೊಣಕಾಲು, ತಲೆ ಕಟ್ಟಕಡೆಗೆ ನೀರಿನಿಂದ ಹೊರಬರಬೇಕು. 60 ಡಿಗ್ರಿಯ ಪ್ಯಾಡಲಿನಲ್ಲಿ ಅರೆಬರೆ ಕಲಿತಿದ್ದ ನನ್ನ ರೋಲ್ 30ಕ್ಕೆ ಬಂದೊಡನೆ ಕೆಟ್ಟುಹೋಯಿತು. ಅಲಗು ಚಪ್ಪಟೆಯಾಗಿ ಬೀಸುವ ಬದಲು ಅಂಚು ಮೊದಲಾಗಿ ನೀರಿಗೆ ಧುಮುಕುತ್ತಿತ್ತು. ಮಣಿಕಟ್ಟಿಗೆ ಹೊಸ ಕೋನ ರೂಢಿಯಾಗಲು ಒಂದು ಚಳಿಗಾಲ ಬೇಕಾಯಿತು. ನಿಂತ ನೀರಿನಲ್ಲಿ ಹತ್ತಕ್ಕೆ ಹತ್ತು ಸಲ ಮೇಲೆದ್ದ ಮೇಲೆಯೇ ಸೆಳವಿನಲ್ಲಿ ಪ್ರಯತ್ನಿಸಿದೆ.

ಕಾರವಾರಕ್ಕೆ ಮರಳಿದ ಮೇಲೆ ಪ್ಯಾಡಲನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುತ್ತೇನೆ. ಎರಡು ತುಂಡಾಗಿ ಬಿಚ್ಚುವಂಥದ್ದಾದರೆ ಕೂಡುವ ಜಾಗದಲ್ಲಿ ಮರಳೂ ಉಪ್ಪೂ ಸೇರಿ ಬಿಗಿದುಕೊಳ್ಳುತ್ತದೆ. ಅದನ್ನು ಪ್ರತಿ ಸಲವೂ ಬಿಚ್ಚಿ ಒರೆಸಬೇಕು. ಅಂಚಿನಲ್ಲಿ ಎಳೆ ಎದ್ದಿದ್ದರೆ ನಯವಾದ ಉಪ್ಪುಕಾಗದದಿಂದ ಉಜ್ಜಿ ಎಪಾಕ್ಸಿ ಹಚ್ಚುತ್ತೇನೆ. ಗುಂಪಿನಲ್ಲಿ ಇಳಿಯುವಾಗ ನಾಲ್ಕು ತುಂಡಾಗುವ ಒಂದು ಹೆಚ್ಚಿನ ಪ್ಯಾಡಲನ್ನು ಯಾರಾದರೊಬ್ಬರ ದೋಣಿಯ ಹಿಂಬದಿಯಲ್ಲಿ ಇಟ್ಟುಕೊಳ್ಳುತ್ತೇವೆ. ಕಳೆದ ತಿಂಗಳು ಅದನ್ನು ಮೌಳಂಗಿಗೆ ಸ್ವಲ್ಪ ಮೇಲೆ ತೆಗೆಯಬೇಕಾಗಿ ಬಂತು. ದಂಡದ ಒಂದು ಗುಂಡಿ ತುಕ್ಕು ಹಿಡಿದು ಒಳಗೇ ಕುಳಿತಿತ್ತು. ದಡದ ಬಂಡೆಯ ಮೇಲೆ ಮೂವರು ಕೂಡಿ ಇಪ್ಪತ್ತು ನಿಮಿಷ ಒತ್ತಿದ ಮೇಲೆ ಹೊರಬಂತು. ಈಗ ಹೊರಡುವ ಹಿಂದಿನ ರಾತ್ರಿ ನಾಲ್ಕೂ ತುಂಡುಗಳನ್ನು ಅಂಗಳದಲ್ಲಿ ಜೋಡಿಸಿ, 30 ಡಿಗ್ರಿಯ ಗುರುತಿಗೆ ತಂದು ನೋಡಿ, ಮತ್ತೆ ಬಿಚ್ಚಿ ಚೀಲಕ್ಕೆ ಹಾಕುತ್ತೇನೆ.